ಜಮೀನಿನ ಜೊತೆ ಬರೋ ಮಣ್ಣಿನ ಒಡ್ಡು ಯಾರ ತಲೆಗೆ?

ಪುಣೆ ಹತ್ತಿರದ ಪೌಡ್ ಆಚೆ ನೋಡಿರೋ ಜಮೀನಲ್ಲಿ ಹಳೇ ಮಾಲೀಕರ ತಂದೆ ಕಟ್ಟಿಸಿದ ಮಣ್ಣಿನ ಒಡ್ಡಿದೆ, ಕೆಳಗೆ ಹಳ್ಳದ ದಂಡೆಗೆ ಒಂದು ವಾಡಿ (ಚಿಕ್ಕ ಊರು) ಇದೆ, ಕೆರೆಗೆ ಮೀನು ಬಿಟ್ಟು ಹೋಮ್‌ಸ್ಟೇ ಮಾಡೋ ಆಸೆ. ಒಡ್ಡು ಒಡೆದರೆ ಹೊಣೆ ಯಾರದು ಅಂತ ಕೇಳಿದ್ದೀರಿ.

ಕೊಂಡ ಮೇಲೆ ನಿಮ್ಮದೇ. ಪಕ್ಕದ ಮುಳಶಿ ಅಣೆಕಟ್ಟೂ ಖಾಸಗಿಯದೇ, ಟಾಟಾ ಪವರ್‌ದು. ಅದನ್ನು ನೋಡಿಕೊಳ್ಳೋಕೆ ಎಂಜಿನಿಯರುಗಳಿದ್ದಾರೆ; ನಿಮ್ಮ ಒಡ್ಡಿಗೆ ನೀವೊಬ್ಬರೇ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ಎತ್ತರ ಮೀರಿದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ ಮಾತ್ರ. ಅದಕ್ಕಿಂತ ಚಿಕ್ಕದಾದ್ರೆ ಪಾರು ಅಂದ್ಕೋಬೇಡಿ. ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ಮೊಕದ್ದಮೆಯಲ್ಲಿ ಗಿರಣಿ ಮಾಲೀಕನ ಕೆರೆ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತ್ತು. ಎಡವಟ್ಟು ಮಾಡಿದ್ದು ಕಟ್ಟಿದವರು, ಪರಿಹಾರ ಕಟ್ಟಿದ್ದು ಮಾಲೀಕ. ನಮ್ಮ ಕೋರ್ಟುಗಳಿಗೂ ಆ ತತ್ವ ಹೊಸದಲ್ಲ.

ಮೊದಲು ಸಾತ್‌ಬಾರಾ, ಅಂದ್ರೆ ಇಲ್ಲಿಯ ಪಹಣಿ, ತೆಗೆಸಿ. ಒಡ್ಡು ಮಾತ್ರ ಅಲ್ಲ, ಕೆರೆ ತುಂಬಿದಾಗ ನೀರು ನಿಲ್ಲೋ ಜಾಗವೂ ಯಾರ ಹೆಸರಲ್ಲಿದೆ ನೋಡಿ. ಸರ್ಕಾರದ ದುಡ್ಡಲ್ಲಿ ಕಟ್ಟಿದ್ದಾ ಅಂತ ಜಿಲ್ಲಾ ಪರಿಷತ್ತಿನಲ್ಲೂ ವಿಚಾರಿಸಿ. ಇಷ್ಟು ವಕೀಲರ ಕೆಲಸ.

ಇನ್ನು ಗಟ್ಟಿಯೋ ಅಲ್ಲವೋ ಅನ್ನೋದು. ನಾನು ಬಾಗಲಕೋಟೆಯವನು, ಪುಣೆಯಲ್ಲಿ ಮಣ್ಣಿನ ಕೆಲಸದ ಗುತ್ತಿಗೆ ನನ್ನದು. ಎಲ್ಲರೂ ಏರಿ ಮೇಲೆ ನಡೆದಾಡಿ ‘ಭಾರಿ ಗಟ್ಟಿ ಇದೆ’ ಅಂತಾರೆ. ನಾನು ಮೊದಲು ಕೋಡಿಗೆ ಹೋಗ್ತೀನಿ, ಇಲ್ಲಿಯವರ ಬಾಯಲ್ಲಿ ಸಾಂಡವಾ. ಹೂಳು, ಮುಳ್ಳುಕಂಟಿ, ಯಾರೋ ಇನ್ನಷ್ಟು ನೀರು ನಿಲ್ಲಲಿ ಅಂತ ಪೇರಿಸಿದ ಮರಳಿನ ಚೀಲ, ಇವಿದ್ದರೆ ಜೋರು ಮಳೆಗೆ ನೀರು ಏರಿ ಮೇಲೆಯೇ ಹರಿಯುತ್ತೆ, ಆಮೇಲೆ ಮಣ್ಣು ನಿಲ್ಲಲ್ಲ. ಆಮೇಲೆ ಕೆಳಗಿನ ಬುಡಕ್ಕೆ ಇಳೀರಿ. ಜಿನುಗು ಇದ್ದೇ ಇರುತ್ತೆ, ಹೆದರಬೇಡಿ. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಿ. ತಿಳಿಯಾಗೇ ಇದ್ದರೆ ಸರಿ, ತಳದಲ್ಲಿ ಕೆಸರು ಕೂತರೆ ಒಡ್ಡಿನ ಹೊಟ್ಟೆಯ ಮಣ್ಣು ಕೊಚ್ಚಿ ಬರ್ತಿದೆ ಅಂತಲೇ ಲೆಕ್ಕ. ತೂಬಿನ ಕಬ್ಬಿಣದ ಪೈಪ್ ಹೊರಬರೋ ಜಾಗದ ಸುತ್ತಲೂ ಒದ್ದೆಯಿದ್ದರೆ ಇನ್ನೂ ಕೆಟ್ಟದು. ಏರಿ ಮೇಲಿನ ದೊಡ್ಡ ಮರ ಸತ್ತರೆ ಬೇರು ಕೊಳೆತು ನೀರಿಗೆ ದಾರಿ. ಬಿಲಗಳನ್ನೂ ನೋಡಿ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಮಂತ್ರಿಯೊಬ್ಬರು ತಪ್ಪನ್ನು ಬಿಲ ತೋಡಿದ ಏಡಿಗಳ ಮೇಲೆ ಹಾಕಿದ್ದರಲ್ಲ, ಆದರೆ ಊರಿನವರು ಸೋರಿಕೆ ಬಗ್ಗೆ ಮೊದಲೇ ದೂರಿದ್ದರು.

ನಿಮ್ಮ ಮೀನಿನ ವಿಚಾರಕ್ಕೆ ಒಂದು ಕಥೆ. ಅಮೆರಿಕದ ಜಾನ್ಸ್‌ಟೌನ್ ಮೇಲುಗಡೆಯ ಹಳೇ ಮಣ್ಣಿನ ಅಣೆಕಟ್ಟನ್ನ ಸಿರಿವಂತರ ಕ್ಲಬ್ಬೊಂದು ಕೊಂಡಿತ್ತು. ನೀರು ಬಿಡೋ ಪೈಪುಗಳನ್ನು ಹಿಂದಿನ ಮಾಲೀಕ ಕಿತ್ತು ಮಾರಿದ್ದ, ಇವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲಿ ಅಂತ ಏರಿಯ ಎತ್ತರ ತಗ್ಗಿಸಿದರು, ಮೀನು ಓಡಿಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು ಒಡೆದು 2,209 ಜನ ಸತ್ತರು. ಕ್ಲಬ್ಬಿಗೆ ಕೋರ್ಟಲ್ಲಿ ಏನೂ ಆಗಲಿಲ್ಲ, ಆ ಭಾಗ್ಯ ನಿಮಗಿರಲ್ಲ. ಕೋಡಿಗೆ ಜಾಲರಿ ಹಾಕೋ ಯೋಚನೆ ಇದ್ದರೆ ಬಿಟ್ಟುಬಿಡಿ.

ಆಗಸ್ಟಿನಲ್ಲಿ ಕೆರೆ ತುಂಬಿದಾಗ ಎಂಜಿನಿಯರ್ ಒಬ್ಬರನ್ನು ಕರ್ಕೊಂಡು ಹೋಗಿ, ಅದಾದ ಮೇಲೆ ಟೋಕನ್ ಮುಂಗಡ ಕೊಡಿ. ಬೇಡವೇ ಬೇಡ, ಕೆರೆ ಖಾಲಿ ಮಾಡಿಸ್ತೀನಿ ಅಂದ್ರೂ ಜೆಸಿಬಿ ತಂದು ಒಡ್ಡು ಒಡೆಸಬೇಡಿ. ನೀರು ದಿಢೀರ್ ಅಂತ ಇಳಿದರೆ ಒಳಮೈಯ ನೆನೆದ ಮಣ್ಣು ಕುಸಿಯುತ್ತೆ, ದಿನಾ ಸ್ವಲ್ಪ ಸ್ವಲ್ಪವೇ ಇಳಿಸಿ.