ಬೇಸ್‌ಬಾಲ್: ಡಿಎಚ್ ಫೀಲ್ಡಿಂಗ್‌ಗೆ ಇಳಿದ ಮೇಲೆ ಪಿಚರ್ ಎಷ್ಟನೆಯವನಾಗಿ ಬ್ಯಾಟ್ ಮಾಡಬೇಕು?

ಐದನೇ ಇನಿಂಗ್ಸ್‌ನಲ್ಲಿ ಎದುರಾಳಿಯ ಡಿಎಚ್ (ಡೆಸಿಗ್ನೇಟೆಡ್ ಹಿಟರ್, ಅಂದರೆ ಫೀಲ್ಡಿಂಗ್ ಮಾಡದೆ ಪಿಚರ್ ಬದಲು ಬ್ಯಾಟ್ ಮಾಡುವವನು) ಫಸ್ಟ್ ಬೇಸ್‌ನಲ್ಲಿ ಫೀಲ್ಡಿಂಗ್‌ಗೆ ಹೋದ, ಅವರ ಪಿಚರ್ (ಚೆಂಡು ಎಸೆಯುವವನು) ಮಾತ್ರ ಬ್ಯಾಟ್ ಹಿಡಿಯಲೇ ಇಲ್ಲ, ಆಮೇಲೆ ಅವರು ಗಳಿಸಿದ ರನ್‌ಗಳನ್ನು ರದ್ದು ಮಾಡಿಸುವುದು ಹೇಗೆ ಅಂತ ಕೇಳಿದ್ದೀರಿ. ಅಮೆರಿಕದ ವಾರಾಂತ್ಯದ ಲೀಗ್‌ಗಳಲ್ಲಿ ಈ ಜಗಳ ಹೊಸದಲ್ಲ. ಬಹುಪಾಲು ರನ್ ರದ್ದಾಗಲ್ಲ, ಆ ಆಸೆ ಬಿಡಿ.

ಎಲ್ಲರೂ ಎಡವುವ ಜಾಗ ಒಂದೇ, ಅದನ್ನೇ ಬಿಡಿಸಿ ಹೇಳುತ್ತೇನೆ. ಬ್ಯಾಟಿಂಗ್ ಸರದಿಯಲ್ಲಿ ಡಿಎಚ್ 4ನೇ ಸ್ಥಾನದಲ್ಲಿ, ಫಸ್ಟ್ ಬೇಸ್‌ಮನ್ (ಅಲ್ಲಿ ಫೀಲ್ಡಿಂಗ್ ಮಾಡುವವನು) 7ನೇ ಸ್ಥಾನದಲ್ಲಿ ಅಂತಿಟ್ಟುಕೊಳ್ಳಿ. ಡಿಎಚ್ ಗ್ಲೌಸ್ ಹಾಕಿಕೊಂಡು ಫಸ್ಟ್ ಬೇಸ್‌ಗೆ ಹೋದರೆ ಹಳೆಯ ಫಸ್ಟ್ ಬೇಸ್‌ಮನ್ ಪಂದ್ಯದಿಂದಲೇ ಹೊರಗೆ. ಪಿಚರ್ 4ಕ್ಕೆ ಬರುತ್ತಾನೆ ಅಂತ ವಾದಿಸುವವರೇ ಹೆಚ್ಚು. ತಪ್ಪು. ಡಿಎಚ್ ತನ್ನ 4ರಲ್ಲೇ ಇರುತ್ತಾನೆ. ಖಾಲಿಯಾದದ್ದು 7, ಪಿಚರ್ ಬರಬೇಕಾದದ್ದೂ ಅಲ್ಲಿಗೇ. ಅದೇ ಹೊತ್ತಿಗೆ ಇನ್ನೊಬ್ಬ ಬದಲಿ ಆಟಗಾರನೂ ಬಂದರೆ ಯಾರಿಗೆ ಯಾವ ಸ್ಥಾನ ಅಂತ ಮ್ಯಾನೇಜರ್ (ತಂಡ ನಡೆಸುವವನು) ಪ್ಲೇಟ್ ಅಂಪೈರ್‌ಗೆ (ಮುಖ್ಯ ಅಂಪೈರ್‌ಗೆ) ಆಗಲೇ ಹೇಳಬೇಕು, ಇಲ್ಲದಿದ್ದರೆ ಅಂಪೈರೇ ತೀರ್ಮಾನಿಸಬಹುದು. ಅಲ್ಲಿಂದ ಮುಂದೆ ಆ ತಂಡಕ್ಕೆ ಡಿಎಚ್ ಇಲ್ಲ. ಪಿಚರ್ ತಾನು ಚೆಂಡೆಸೆಯುವ ದಿಬ್ಬ ಬಿಟ್ಟು ಬೇರೆ ಕಡೆ ಫೀಲ್ಡಿಂಗ್‌ಗೆ ನಿಂತರೂ ಡಿಎಚ್ ಹೋದಂತೆಯೇ.

ಇನ್ನು ನೀವು ಕೇಳಿದ ಎದುರಾಳಿಯ ರನ್‌ಗಳು. ಹೊರಹೋದ ಫಸ್ಟ್ ಬೇಸ್‌ಮನ್ನೇ 7ರಲ್ಲಿ ಬಂದು ಹೊಡೆದಿದ್ದರೆ, ಅಂಪೈರ್ ಗಮನಕ್ಕೆ ಬಂದ ಕೂಡಲೇ ಅವನನ್ನು ಕಳಿಸುತ್ತಾರೆ. ಅಷ್ಟರಲ್ಲಿ ನಡೆದ ಆಟವೆಲ್ಲ ಊರ್ಜಿತ. 7ನ್ನು ಹಾರಿಸಿ 8ನೆಯವನು ಬಂದಿದ್ದರೆ ಮಾತ್ರ ಅದು ಸರದಿ ತಪ್ಪಿದ ಬ್ಯಾಟಿಂಗ್. ಅವನ ಸರದಿ ಮುಗಿದ ಮೇಲೆ, ಮುಂದಿನ ಪಿಚ್‌ಗೆ (ಎಸೆತಕ್ಕೆ) ಮುಂಚೆ ಅಪೀಲ್ ಮಾಡಿದರೆ ಬರಬೇಕಿದ್ದ ಪಿಚರ್ ಔಟ್, ಆ ಹೊಡೆತದಿಂದ ಬಂದ ರನ್ ಕೂಡ ಹೋಯಿತು. ಒಂದು ಪಿಚ್ ಬಿದ್ದರೆ ಅವಕಾಶ ತಪ್ಪಿತು. ಸರದಿ ತಪ್ಪಿ ಬಂದವನಿನ್ನೂ ಬ್ಯಾಟರ್ಸ್ ಬಾಕ್ಸ್‌ನಲ್ಲಿ (ಬ್ಯಾಟ್ ಮಾಡುವವನು ನಿಲ್ಲುವ ಜಾಗದಲ್ಲಿ) ಇರುವಾಗಲೇ ಕೂಗಬೇಡಿ: ಸರಿಯಾದವನು ಅದೇ ಬಾಲ್-ಸ್ಟ್ರೈಕ್ ಎಣಿಕೆಯಲ್ಲಿ ಬಂದು ನಿಲ್ಲುತ್ತಾನೆ, ನಿಮಗೇನೂ ದಕ್ಕಲ್ಲ.

ಇಷ್ಟು ಹಿಡಿಯಬೇಕೆಂದರೆ ನಿಮ್ಮ ಡಗ್‌ಔಟ್‌ನಲ್ಲೂ (ತಂಡ ಕೂರುವ ಜಾಗದಲ್ಲೂ) ಎದುರಾಳಿಯ ಲೈನಪ್ ಕಾರ್ಡ್ (ಆಟಗಾರರ ಸರದಿ, ಫೀಲ್ಡಿಂಗ್ ಜಾಗ ಬರೆದ ಪಟ್ಟಿ) ಇರಬೇಕು, ಪ್ರತಿ ಬದಲಾವಣೆಯನ್ನೂ ಇನಿಂಗ್ಸ್ ಸಮೇತ ಒಬ್ಬರು ಅದರಲ್ಲಿ ಗುರುತಿಸಬೇಕು. ಕಾರ್ಡ್ ವಿನಿಮಯದ ಹೊತ್ತಲ್ಲಿ ಮೂರು ನೋಡಿ: ಡಿಎಚ್ ಅಂತ ಬರೆದಿದೆಯೇ, ಪಿಚರ್ ಹೆಸರು ಪ್ರತ್ಯೇಕವಾಗಿ ಇದೆಯೇ, ಒಂದೇ ಫೀಲ್ಡಿಂಗ್ ಜಾಗ ಇಬ್ಬರಿಗೆ ಬಿದ್ದಿದೆಯೇ. ಅಂಪೈರ್ 'ಪ್ಲೇ' ಅನ್ನುವವರೆಗೆ ತಿದ್ದಬಹುದು. 2009ರ ಮೇ 17ರಂದು ಮೇಜರ್ ಲೀಗ್ ತಂಡ ಟ್ಯಾಂಪಾ ಬೇ ರೇಸ್‌ನ ಮ್ಯಾನೇಜರ್ ಜೋ ಮ್ಯಾಡನ್ ಇಬ್ಬರನ್ನು ಥರ್ಡ್ ಬೇಸ್ ಅಂತಲೇ ಬರೆದುಕೊಟ್ಟು ಡಿಎಚ್ ಕಳೆದುಕೊಂಡರು. ಪಿಚರ್ ಆಂಡಿ ಸೊನ್ನನ್‌ಸ್ಟೈನ್ 3ನೆಯವರಾಗಿ ಬ್ಯಾಟ್ ಹಿಡಿಯಬೇಕಾಯಿತು. (ಅವರು ಡಬಲ್, ಅಂದರೆ ಎರಡನೇ ಬೇಸ್ ತಲುಪಿಸುವ ಹೊಡೆತ, ಹೊಡೆದರು, ತಂಡವೂ ಗೆದ್ದಿತು. ಎಲ್ಲರಿಗೂ ಆ ಅದೃಷ್ಟ ಇರಲ್ಲ.)

ಇದೆಲ್ಲ ಮೇಜರ್ ಲೀಗ್ (ಅಮೆರಿಕದ ಅಗ್ರ ವೃತ್ತಿಪರ ಲೀಗ್) ನಿಯಮಪುಸ್ತಕ ಹಿಡಿದ ಲೀಗ್‌ಗೆ. ಅಮೆರಿಕದ ಹೈಸ್ಕೂಲ್ ನಿಯಮವಾದರೆ ಡಿಎಚ್ ಯಾವ ಫೀಲ್ಡರ್ ಬದಲಿಗೂ ಬ್ಯಾಟ್ ಮಾಡಬಹುದು, ಆರಂಭದಿಂದ ಆಡಿದವರು ಹೊರಹೋಗಿ ಒಮ್ಮೆ ಮರಳಲೂಬಹುದು. ಹತ್ತು ಹನ್ನೊಂದು ಜನ ಬ್ಯಾಟ್ ಮಾಡುವ ಲೀಗ್‌ಗಳ ಎಕ್ಸ್‌ಟ್ರಾ ಹಿಟರ್ (ಸರದಿಗೆ ಸೇರಿಸಿದ ಹೆಚ್ಚುವರಿ ಬ್ಯಾಟರ್) ಅಂತೂ ಡಿಎಚ್ ಅಲ್ಲವೇ ಅಲ್ಲ; ನಿಮ್ಮ ಎದುರಾಳಿ ಆಡಿಸಿದ್ದು ಅವನನ್ನೇ ಇರಬಹುದು, ಮೊದಲು ಲೀಗ್‌ನ ಬೈಲಾ ತೆಗೆದು ನೋಡಿ.