ಮನೆಯಲ್ಲೇ ಇರುವ ವಯಸ್ಸಾದವರಲ್ಲಿ ಎಷ್ಟು ಜನ ತೀರಾ ನಿತ್ರಾಣವಾಗಿರುತ್ತಾರೆ?

ತೀರ್ಥಹಳ್ಳಿ ಕಡೆ ತೋಟದ ಮನೆಯಲ್ಲಿರುವ ಅಪ್ಪ, ಅಮ್ಮನ ಬಗ್ಗೆ ಕೇಳಿದ್ದೀರಿ: ಎಪ್ಪತ್ತು ದಾಟಿದರೆ ಎಲ್ಲರೂ ಸೊರಗುತ್ತಾರಾ ಅಂತ. ಖಂಡಿತ ಇಲ್ಲ.

ತಮ್ಮ ಮನೆಯಲ್ಲೇ ಬದುಕುವ, 65 ದಾಟಿದವರ ಬಗ್ಗೆ ನಡೆದ 21 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಸೇರಿಸಿ ನೋಡಿದ್ದರು. ಹೆಚ್ಚಿನವು ಹೊರದೇಶದವು. ನೂರಕ್ಕೆ ಸುಮಾರು 11 ಜನರಿಗೆ ಈ ನಿತ್ರಾಣ, ಅಂದರೆ ಡಾಕ್ಟರುಗಳು ಹೇಳುವ ಫ್ರೇಲ್ಟಿ, ಇತ್ತು. ಇನ್ನೂ 42 ಜನ ಅದರ ಹೊಸ್ತಿಲಲ್ಲಿದ್ದರು. ನನಗೆ ಚಿಂತೆ ಇವರದ್ದೇ, ಯಾಕೆಂದರೆ ಇವರು ಯಾರ ಕಣ್ಣಿಗೂ ಬೀಳುವುದಿಲ್ಲ. 85 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಫ್ರೇಲ್ಟಿ ಇತ್ತು. ಹೆಂಗಸರಲ್ಲಿ ಜಾಸ್ತಿ. ಅಳೆಯುವ ರೀತಿ ಬೇರೆಯಾದರೆ ಲೆಕ್ಕವೂ ಬೇರೆ: ಒಂದು ಅಧ್ಯಯನದಲ್ಲಿ ನೂರಕ್ಕೆ 4, ಇನ್ನೊಂದರಲ್ಲಿ 59!

ಹೆಚ್ಚು ಬಳಕೆಯಲ್ಲಿರುವುದು 2001ರ ಅಳತೆ. ಅದರಲ್ಲಿ ನೋಡುವುದು ಐದು ಲಕ್ಷಣ: ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರೋ ಹೆಚ್ಚೋ ಇದ್ದರೆ ಫ್ರೇಲ್ಟಿ, ಒಂದೆರಡಿದ್ದರೆ ಹೊಸ್ತಿಲು.

ನಮ್ಮಜ್ಜಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಅಡಿಕೆ ಬುಟ್ಟಿ ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ಒಂದು ವರ್ಷ ಅರ್ಧಕ್ಕೇ ಎದ್ದರು. ಬಾವಿಯ ಹಗ್ಗವೂ ಕೈಯಿಂದ ಜಾರತೊಡಗಿತು. "ವಯಸ್ಸಾಯ್ತಲ್ವಾ" ಅಂತ ನಾವು ಸುಮ್ನಿದ್ದೆವು. ಆಗಲೇ ತೋರಿಸಬೇಕಿತ್ತು.

ನೀವು ಹಾಗೆ ಬಿಡಬೇಡಿ. ಡಾಕ್ಟರಿಗೆ ತೋರಿಸಿ, ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಮ್ಮೆ ಪರೀಕ್ಷಿಸಲು ಹೇಳಿ. ಗಂಜಿ, ಉಪ್ಪಿನಕಾಯಿಯಲ್ಲೇ ಊಟ ಮುಗಿಸದೆ ಬೇಳೆ, ಕಾಳು, ಹಾಲು, ಮೊಟ್ಟೆ ತಿನ್ನಲಿ. ಕುರ್ಚಿಯಿಂದ ಎದ್ದು ಕೂರುವಂಥ ಸಣ್ಣ ವ್ಯಾಯಾಮದಿಂದಲೂ ಕಾಲಿಗೆ ಬಲ ಬರುತ್ತದೆ. ಹೊಸ್ತಿಲಲ್ಲಿರುವವರು ಹಿಂದಕ್ಕೆ ಬರುವುದು ಸಾಧ್ಯವಿದೆ.