ಕಿಡ್ನಿಯೊಳಗೆ ಗ್ಯಾಸ್ ಹೇಗೆ ಬಂತು?

ಪ್ರಶ್ನೆ: ಅಮ್ಮನಿಗೆ 58 ವರ್ಷ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಚಳಿಜ್ವರ, ವಾಂತಿ, ಎಡಪಕ್ಕೆ ನೋವು ಬಂತು. ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ಕೊಟ್ಟೆವು. ಕೊನೆಗೆ ಹಾಸನದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಕಿಡ್ನಿಯಲ್ಲಿ ಗ್ಯಾಸ್ ಇದೆ ಎಂದು ಬೆನ್ನಿನಿಂದ ಟ್ಯೂಬ್ ಹಾಕಿದರು. ಈಗ ಗುಣವಾಗಿ ಮನೆಯಲ್ಲಿದ್ದಾರೆ. ಇದು ಹೊಟ್ಟೆಯ ಗ್ಯಾಸೇ? ಮತ್ತೆ ಬರುತ್ತದೆಯೇ?
– ಹೆಸರು ಬೇಡ, ಸಕಲೇಶಪುರ

ಉತ್ತರ: ಹೊಟ್ಟೆಯ ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ಎಂಫಿಸೆಮ್ಯಾಟಸ್ ಪೈಲೋನೆಫ್ರೈಟಿಸ್ ಎಂಬ ಅಪರೂಪದ ಸೋಂಕು. ಬಹುಪಾಲು ಸಕ್ಕರೆ ಕಾಯಿಲೆಯವರಿಗೇ, ಅದರಲ್ಲೂ ಹೆಂಗಸರಿಗೇ ಹೆಚ್ಚು. ಸಾಮಾನ್ಯವಾಗಿ ಇ. ಕೋಲೈ, ಕೆಲವೊಮ್ಮೆ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಅಂಗಾಂಶದಲ್ಲಿ ತುಂಬಿದ ಸಕ್ಕರೆಯನ್ನು ಹುಳಿಸುತ್ತವೆ. ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಹುಟ್ಟುತ್ತವೆ. ರಕ್ತ ಸಂಚಾರ ಕುಂದಿದ ಕಿಡ್ನಿಯಲ್ಲಿ ಅದು ಹೊರಹೋಗದೆ ಅಲ್ಲೇ ಉಳಿಯುತ್ತದೆ. ಕಲ್ಲು ಮೂತ್ರನಾಳಕ್ಕೆ ಅಡ್ಡ ಬಂದಿದ್ದರಂತೂ ಇನ್ನೂ ಕಷ್ಟ. ಅಲ್ಟ್ರಾಸೌಂಡ್‌ನಲ್ಲಿ ಈ ಗ್ಯಾಸ್ ಕರುಳಿನ ಗ್ಯಾಸಿನಂತೆ ಕಂಡು ತಪ್ಪಿಹೋಗಬಹುದು, ಸಿ.ಟಿ.ಯಲ್ಲಿ ಸ್ಪಷ್ಟ. ಟ್ಯೂಬ್ ಹಾಕಿ ಕೀವು ತೆಗೆದು, ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟು ಕಿಡ್ನಿ ಉಳಿಸುವುದು ಇಂದಿನ ರೀತಿ. ಹಿಂದೆ ಹೆಚ್ಚಾಗಿ ಕಿಡ್ನಿಯನ್ನೇ ತೆಗೆಯುತ್ತಿದ್ದರು.

ಮತ್ತೆ ಬರಬಹುದು, ಹಾಗಾಗಿ ಸಕ್ಕರೆಯ ಹತೋಟಿಯೇ ಮೊದಲು. ಕಲ್ಲು ಉಳಿದಿದೆಯೇ, ಮೂತ್ರ ಮಾಡಿದ ಮೇಲೂ ಮೂತ್ರಚೀಲದಲ್ಲಿ ಮೂತ್ರ ನಿಲ್ಲುತ್ತದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಿಸಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಚೀಲದ ನರ ಸೋತು ಹೀಗಾಗುವುದುಂಟು. ತೋಟದಲ್ಲಿ ಮರೆ ಇಲ್ಲವೆಂದು ಹೆಂಗಸರು ನೀರು ಕುಡಿಯದೆ, ಮೂತ್ರ ತಡೆದುಕೊಂಡು ದಿನವಿಡೀ ಕೊಯ್ಯುತ್ತಾರೆ. ಇದು ನಿಲ್ಲಲೇಬೇಕು, ಕೊಯ್ಲಿನ ಜಾಗದ ಹತ್ತಿರ ಶೌಚಾಲಯ ಕೊಡುವುದು ತೋಟದ ಯಜಮಾನರ ಹೊಣೆ.

ಉರಿಮೂತ್ರ, ಜ್ವರ ಬಂದರೆ ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ನುಂಗಿಸಬೇಡಿ, ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಬ್ಯಾಕ್ಟೀರಿಯಾ ಸಿಗದೇ ಹೋಗಬಹುದು. ಮೊದಲ ಧಾರೆ ಬಿಟ್ಟು ನಡುವಿನ ಮೂತ್ರವನ್ನು ಲ್ಯಾಬಿನ ಡಬ್ಬಿಯಲ್ಲೇ ಹಿಡಿದು 2 ಗಂಟೆಯೊಳಗೆ ತಲುಪಿಸಿ. ತೊಂದರೆಯೇ ಇಲ್ಲದೆ ಕಲ್ಚರ್‌ನಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ನೋವಿಗೆ ಡೈಕ್ಲೋಫೆನಾಕ್ ಬೇಡ, ಕಿಡ್ನಿಗೆ ಪೆಟ್ಟು. ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ಪ್ರಮಾಣ ಕೇಳಿಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಅಂದೇ ವೈದ್ಯರಿಗೆ ಫೋನ್ ಮಾಡಿ.

ನಡುಕದ ಜ್ವರ, ಪಕ್ಕೆ ನೋವು, ವಾಂತಿ ಒಟ್ಟಿಗೆ ಬಂದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವುದನ್ನು ಕಾಯದೆ ಹಾಸನಕ್ಕೆ ಹೊರಡಿ. ಹಳೆಯ ಸಿ.ಟಿ. ಫಿಲ್ಮ್, ಕಲ್ಚರ್ ರಿಪೋರ್ಟ್ ಕೈಯಲ್ಲಿರಲಿ.